ಚಿಕ್ಕ ಫ್ರೆಂಚ್ ರೆಸ್ಟೋರೆಂಟಿನಲ್ಲಿ ಹುಟ್ಟುಹಬ್ಬದ ಊಟ: ಸಸ್ಯಾಹಾರಿಗಳಿರುವ ಕುಟುಂಬಗಳ ಗಮನಕ್ಕೆ

ಮನೆಯ ಹಿರಿಯರ ಹುಟ್ಟುಹಬ್ಬವನ್ನು ಸ್ವಲ್ಪ ವಿಶೇಷವಾಗಿ ಆಚರಿಸೋಣವೆಂದು ಚಿಕ್ಕದೊಂದು ಫ್ರೆಂಚ್ ರೆಸ್ಟೋರೆಂಟಿನಲ್ಲಿ ಟೇಬಲ್ ಕಾಯ್ದಿರಿಸಲು ಹೊರಟವರು, ಕುಟುಂಬದಲ್ಲಿ ಒಬ್ಬರಾದರೂ ಸಸ್ಯಾಹಾರಿಗಳಿದ್ದರೆ, ಮುಂದುವರಿಯುವ ಮೊದಲು ಇದನ್ನು ಓದಬೇಕೆಂದು ವಿನಂತಿ. ನಮ್ಮ ತಾಯಿಯವರ ಎಪ್ಪತ್ತನೆಯ ಹುಟ್ಟುಹಬ್ಬದ ಊಟ ಅಂಥ ಒಂದು ಕಡೆ ಕೆಟ್ಟುಹೋಯಿತು. ಆ ರೆಸ್ಟೋರೆಂಟಿನ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಬರೆಯುತ್ತಿಲ್ಲ, ಏಕೆಂದರೆ ಇದು ಆ ಒಂದೇ ಅಡುಗೆಮನೆಯ ದೋಷವೆಂದು ನನಗೆ ಅನ್ನಿಸುವುದಿಲ್ಲ.

ಕಾಯ್ದಿರಿಸುವಾಗಲೇ ನಾವು ಫೋನಿನಲ್ಲಿ ಹೇಳಿ, ಇಮೇಲಿನಲ್ಲೂ ಬರೆದಿದ್ದೆವು: ತಾಯಿಯವರು ಹುಟ್ಟಿನಿಂದ ಸಸ್ಯಾಹಾರಿ, ಹಾಲು ಮತ್ತು ಮೊಟ್ಟೆ ಆಗುತ್ತದೆ, ಮಾಂಸ, ಮೀನು, ಕೋಳಿ ಯಾವ ರೂಪದಲ್ಲಿಯೂ ಆಗುವುದಿಲ್ಲ. ಏನೂ ತೊಂದರೆಯಿಲ್ಲ, ಚಿಂತಿಸಬೇಡಿ ಎಂಬ ಒಂದು ಸಾಲಿನ ಉತ್ತರ ಬಂತು. ಅಂದು ಸಂಜೆ ಮೊದಲಿಗೆ ಬಂದದ್ದು ಈರುಳ್ಳಿ ಸೂಪ್. ಕಂದು ಬಣ್ಣದ ಸೂಪಿನ ಮೇಲೆ ಬ್ರೆಡ್ಡಿನ ಹೋಳು, ಅದರ ಮೇಲೆ ಕರಗಿ ಬಟ್ಟಲಿನ ಅಂಚಿಗೆ ಅಂಟಿಕೊಂಡು ಅಲ್ಲಲ್ಲಿ ಕೆಂಪಗೆ ಸುಟ್ಟ ಚೀಸ್. ನೋಡುವುದಕ್ಕೆ ಬಹಳ ಚೆನ್ನಾಗಿತ್ತು. ತಾಯಿಯವರು ಅರ್ಧ ಬಟ್ಟಲು ಮುಗಿಸುವ ಹೊತ್ತಿಗೆ, ರುಚಿ ನೋಡಿದ ತಂಗಿಗೆ ಅನುಮಾನ ಬಂದು, ಇದನ್ನು ಯಾವ ನೀರಿನಲ್ಲಿ ಬೇಯಿಸಿದ್ದೀರಿ ಎಂದು ಬಡಿಸುವವರನ್ನು ಕೇಳಿದಳು. ಬರೀ ಈರುಳ್ಳಿ, ಮಾಂಸ ಹಾಕಿಲ್ಲ ಎಂದರು. ಅವಳು ಬಿಡಲಿಲ್ಲ. ಒಳಗೆ ಹೋಗಿ ವಿಚಾರಿಸಿ ಬಂದವರು, ದನದ ಮೂಳೆಗಳನ್ನು ಗಂಟೆಗಟ್ಟಲೆ ಕುದಿಸಿ ತೆಗೆದ ಸಾರದಲ್ಲೇ ಸೂಪ್ ಮಾಡುವುದು, ಅದೇ ನಮ್ಮ ಅಡುಗೆಯವರ ವೈಶಿಷ್ಟ್ಯ ಎಂದು ಹೆಮ್ಮೆಯಿಂದಲೇ ತಿಳಿಸಿದರು. ನಮ್ಮ ಮುಖ ನೋಡಿದ ಮೇಲೆ, ಮಾಂಸದ ತುಂಡು ಒಂದೂ ಇಲ್ಲವಲ್ಲ ಎಂದು ಸೇರಿಸಿದರು. ತಾಯಿಯವರು ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಮಕ್ಕಳ ಊಟ ಕೆಡಬಾರದೆಂದು ಬೇರೆ ಮಾತು ತೆಗೆದರು. ಆಮೇಲೆ ಬ್ರೆಡ್ ಬಿಟ್ಟು ಏನನ್ನೂ ಮುಟ್ಟಲಿಲ್ಲ.

ಆ ಮನುಷ್ಯ ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಸಾಂಪ್ರದಾಯಿಕ ಫ್ರೆಂಚ್ ಅಡುಗೆಯ ತಳಹದಿ ಮೂಳೆಯ ಸಾರ. ಕರುವಿನ ಅಥವಾ ದನದ ಮೂಳೆಗಳನ್ನು ಹುರಿದು, ತರಕಾರಿಗಳೊಂದಿಗೆ ನಿಧಾನವಾಗಿ ಕುದಿಸಿ ಸೋಸಿದ ಈ ಸಾರ ಸೂಪಿಗೂ ಹೋಗುತ್ತದೆ, ಸಾಸಿಗೂ ಹೋಗುತ್ತದೆ, ಎಷ್ಟೋ ಸಲ ತರಕಾರಿ ಬೇಯಿಸುವುದಕ್ಕೂ ಬಳಕೆಯಾಗುತ್ತದೆ. ಅಂಥ ಅಡುಗೆಮನೆಯಲ್ಲಿ ಮಾಂಸವೆಂದರೆ ತಟ್ಟೆಯಲ್ಲಿ ಕಾಣುವ ತುಂಡು. ಸಾರವನ್ನು ಅವರು ಉಪ್ಪಿನಷ್ಟೇ ಸಹಜವಾಗಿ ನೋಡುತ್ತಾರೆ. ಸೂಪಿನಲ್ಲಿ ಮಾತ್ರ ಹೀಗೆಂದು ತಿಳಿಯಬಾರದು. ಆಲಿವ್ ಅರೆದು ಮಾಡುವ ತಾಪನಾಡ್ ಚಟ್ನಿಯಂತೆ ಕಂಡರೂ ಅದರಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಸೇರಿರುತ್ತದೆ. ಕೀಶ್ ಲೊರೇನ್ ಎಂಬ ಮೊಟ್ಟೆ, ಕೆನೆಯ ಕಡುಬಿನಲ್ಲಿ ಹಂದಿಮಾಂಸದ ಸಣ್ಣ ಚೂರುಗಳಿರುತ್ತವೆ. ಫ್ರಾನ್ಸಿನ ನೈಋತ್ಯ ಭಾಗದ ಶೈಲಿಯಲ್ಲಿ ಆಲೂಗಡ್ಡೆಯನ್ನು ಬಾತುಕೋಳಿಯ ಕೊಬ್ಬಿನಲ್ಲಿ ಹುರಿಯುವುದುಂಟು. ಗ್ರೂಯೆರ್, ಕೊಂತೆಯಂಥ ಸಾಂಪ್ರದಾಯಿಕ ಚೀಸುಗಳಿಗೆ ಹಾಲನ್ನು ಒಡೆಯುವುದೇ ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಸ್ಯಾಹಾರಿಗಳೂ ಇದ್ದಾರೆ, ತೆಗೆದುಕೊಳ್ಳುವವರೂ ಇದ್ದಾರೆ. ನಿರ್ಧಾರ ತಿನ್ನುವವರದಾಗಬೇಕೇ ಹೊರತು ಬಡಿಸುವವರದಲ್ಲ.

ಕಾನೂನು ಕಾಪಾಡುತ್ತದೆ ಎಂಬ ಭರವಸೆಯೂ ಇಲ್ಲಿ ಹೆಚ್ಚು ದೂರ ಬರುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2014ರ ಡಿಸೆಂಬರ್ 13ರಿಂದ ರೆಸ್ಟೋರೆಂಟುಗಳೂ ಅಲರ್ಜಿ ಉಂಟುಮಾಡುವ 14 ಬಗೆಯ ಪದಾರ್ಥಗಳ ಮಾಹಿತಿ ನೀಡಬೇಕೆಂಬ ನಿಯಮ ಜಾರಿಯಲ್ಲಿದೆ. ಆ ಪಟ್ಟಿಯಲ್ಲಿ ಮೀನು, ಹಾಲು, ಮೊಟ್ಟೆ, ಸಾಸಿವೆ, ಎಳ್ಳು, ಸೆಲೆರಿ ಕೂಡ ಇವೆ. ದನದ ಮಾಂಸವಾಗಲಿ ಅದರ ಸಾರವಾಗಲಿ ಇಲ್ಲ, ಏಕೆಂದರೆ ಅದು ಅಲರ್ಜಿಗಾಗಿ ಮಾಡಿದ ಪಟ್ಟಿ. ಬಾದಾಮಿ ಆಗದವರ ಪ್ರಶ್ನೆಗೆ ಅಡುಗೆಮನೆಯಲ್ಲಿ ಬರೆದಿಟ್ಟ ಉತ್ತರ ಸಿಗಬಹುದು. ಸಸ್ಯಾಹಾರಿಗೆ ಸಿಗುವುದು ಎದುರಿಗೆ ನಿಂತವರ ತಿಳಿವಳಿಕೆಯಷ್ಟೇ.

ಆಗಿದ್ದಕ್ಕೆ ಸಮಾಧಾನವೆಂದು ಮಾಲೀಕರು ತಾಯಿಯವರ ಮುಂದೆ ಹಣ್ಣಿನ ಬವಾರ್ವಾ ಎಂಬ ಕೆನೆಯ ಸಿಹಿ ತಂದಿಟ್ಟರು, ಮೇಲೊಂದು ಮೇಣದಬತ್ತಿ ಬೇರೆ. ಬವಾರ್ವಾ ಗಟ್ಟಿಯಾಗಿ ನಿಲ್ಲುವುದು ಜೆಲಟಿನ್ನಿನಿಂದ, ಜೆಲಟಿನ್ ಬರುವುದು ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ. ಕ್ಷಮೆಯೂ ಮೂಳೆಯಿಂದಲೇ ಬಂತಲ್ಲ ಎಂದು ತಂಗಿ ಗೊಣಗಿದ್ದನ್ನು ಇಲ್ಲಿ ದಾಖಲಿಸುವುದು ಅನ್ಯಾಯವಾಗಲಾರದು. ಬಿಲ್ಲಿನಲ್ಲಿ ಆ ಸೂಪಿನ ದರವೂ ಇತ್ತು, ಸಸ್ಯಾಹಾರಿ ಬದಲಿ ತಿನಿಸಿಗೆಂದು ನಿಗದಿತ ಮೆನುವಿನ ಮೇಲೆ ಹೆಚ್ಚುವರಿ ಮೊತ್ತವೂ ಇತ್ತು, ಎಲ್ಲದರ ಮೇಲೆ ಸೇವಾ ಶುಲ್ಕ. ವಾದದ ನಂತರ ಸೂಪಿನ ದರ ಬಿಟ್ಟರು, ಉಳಿದದ್ದನ್ನು ಬಿಡಲಿಲ್ಲ. ಫ್ರಾನ್ಸಿನಲ್ಲಿ ಮೆನುವಿನ ದರದಲ್ಲೇ ಸೇವಾ ಶುಲ್ಕ ಸೇರಿರುತ್ತದೆ. ಆ ಒಂದು ಫ್ರೆಂಚ್ ಪದ್ಧತಿ ಮಾತ್ರ ಇವರಿಗೆ ಬೇಕಿರಲಿಲ್ಲ.

ಆದ್ದರಿಂದ, ಸಸ್ಯಾಹಾರ ಸಿಗುತ್ತದೆಯೇ ಎಂದು ಕೇಳಿ ಹೌದೆಂಬ ಉತ್ತರ ಪಡೆದು ನೆಮ್ಮದಿಯಾಗಿರಬೇಡಿ. ಸೂಪು ಮತ್ತು ಸಾಸನ್ನು ಯಾವುದರ ಸಾರದಲ್ಲಿ ಮಾಡುತ್ತೀರಿ, ಯಾವ ಕೊಬ್ಬಿನಲ್ಲಿ ಹುರಿಯುತ್ತೀರಿ, ಸಿಹಿಯನ್ನು ಯಾವುದರಿಂದ ಗಟ್ಟಿಮಾಡುತ್ತೀರಿ ಎಂದು ಒಂದೊಂದಾಗಿ ಕೇಳಿ, ಅಂದು ಬಡಿಸುವ ತಿನಿಸುಗಳ ಹೆಸರು ಹಿಡಿದು ಉತ್ತರ ಬರೆಯಿಸಿಕೊಳ್ಳಿ. ಬದಲಿ ತಿನಿಸಿಗೆ ಹೆಚ್ಚುವರಿ ದರವಿದೆಯೇ ಎಂಬುದೂ ಅದರಲ್ಲೇ ಇರಲಿ. ಹೆಸರು ಹೇಳದೆ ತೊಂದರೆಯಿಲ್ಲ ಎಂದಷ್ಟೇ ಬರೆಯುವವರನ್ನು ಬಿಟ್ಟುಬಿಡಿ. ಆಲಿವ್ ಎಣ್ಣೆಯಲ್ಲಿ ಬದನೆ, ಟೊಮೆಟೊ, ದಪ್ಪಮೆಣಸಿನಕಾಯಿ ಬೇಯಿಸುವ ರಾಟಟೂಯಿ, ಕೆನೆ ಮತ್ತು ಬೆಳ್ಳುಳ್ಳಿಯಲ್ಲಿ ಬೇಯುವ ಆಲೂಗಡ್ಡೆಯ ಗ್ರಾಟಾನ್, ಮೊಟ್ಟೆ ಆಗುವವರಿಗೆ ಆಮ್ಲೆಟ್ ಮತ್ತು ಕ್ರೆಮ್ ಬ್ರುಲೆ ಎಂಬ ಕೆನೆಯ ಸಿಹಿ, ಇಂಥವು ಆ ಅಡುಗೆಯಲ್ಲೇ ಇವೆ, ಮನಸ್ಸಿದ್ದವರಿಗೆ ಕಷ್ಟವೂ ಅಲ್ಲ. ಆದರೆ ಚಿಕ್ಕ ಅಡುಗೆಮನೆಯಲ್ಲಿ ಸಾರ, ಸಾಸು, ಸಿಹಿ ಎಲ್ಲವೂ ಗಿರಾಕಿಗಳು ಬರುವ ಎಷ್ಟೋ ಹೊತ್ತಿನ ಮೊದಲೇ ತಯಾರಾಗಿರುವುದರಿಂದ ರಾತ್ರಿ ಟೇಬಲಿನಲ್ಲಿ ಕುಳಿತು ಕೇಳಿದರೆ ಬದಲಾಯಿಸುವುದಕ್ಕೆ ಅವರ ಬಳಿ ಏನೂ ಉಳಿದಿರುವುದಿಲ್ಲ. ಕೆಲವು ದಿನ ಮೊದಲೇ, ಒಲೆಯ ಮುಂದೆ ಗಡಿಬಿಡಿ ಇಲ್ಲದ ಮಧ್ಯಾಹ್ನದ ಬಿಡುವಿನಲ್ಲಿ ಕರೆ ಮಾಡಿ, ಫೋನನ್ನು ಅಡುಗೆಯವರ ಕೈಗೇ ಕೊಡುವಂತೆ ಕೇಳಿ.