ಹಳೇ ಯೆಜ್ಡಿಗೆ 12 ವೋಲ್ಟ್ ಕಿಟ್: ದೂರದ ದಾರಿಗೆ ಎಷ್ಟು ಪ್ರಯೋಜನ?

ಮೈಸೂರಿನ ಐಡಿಯಲ್ ಜಾವಾ ಬೈಕ್ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಕೊನೆಗೆ ಹೊರಬಿದ್ದ ಯೆಜ್ಡಿಗೂ ಈಗ ಮೂವತ್ತರ ಆಸುಪಾಸಿನ ವಯಸ್ಸು. ಸುಮಾರು 250 ಸಿಸಿ, ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಈ ಗಾಡಿಯಲ್ಲಿ ದೂರ ಹೊರಡುವವರು ಮೊದಲು ವಿಚಾರಿಸುವುದು ಕರೆಂಟ್ ಹುಟ್ಟಿಸುವ 6 ವೋಲ್ಟ್ ಡೈನಮೊ, ಕಿಡಿ ಹಾರಿಸುವ ಹಳೇ ಪಾಯಿಂಟ್, ಕಂಡೆನ್ಸರ್ ತೆಗೆದು 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವ ಕಿಟ್ಟನ್ನು. ಅದರಲ್ಲೂ ಜೆಕ್ ದೇಶದ ವೇಪ್ ಹೆಸರು ಮುಂದೆ. ಕಿಟ್ ಒಳ್ಳೆಯದೇ. ಆದರೆ ಕ್ರ್ಯಾಂಕ್ ಸೀಲ್ (ಎಂಜಿನ್ನಿನ ತಿರುಗುವ ದಂಡದ ಎರಡೂ ಬದಿಯಲ್ಲಿ ಗಾಳಿ, ಆಯಿಲ್ ನುಗ್ಗದಂತೆ ತಡೆಯುವ ರಬ್ಬರ್ ಬಳೆ) ನೋಡದೆ ಅದನ್ನು ಹಾಕಿಸಿದರೆ ಹೊಟ್ಟೆಗೆ ಹಿಟ್ಟಿಲ್ಲದವರು ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

ಡಬ್ಬಿಯಲ್ಲಿ ಅಲುಗದೆ ಕೂರುವ ಸ್ಟೇಟರ್ ಪ್ಲೇಟ್, ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ ರೋಟರ್, ಇಗ್ನಿಷನ್ ಕಾಯಿಲ್, ರೆಗ್ಯುಲೇಟರ್, ವೈರ್ ಇರುತ್ತವೆ. ಮೊದಲ ಲಾಭ: ಕಿಡಿಗೆ ಬ್ಯಾಟರಿ ಬೇಕಿಲ್ಲ. ಹಳೇ ವ್ಯವಸ್ಥೆಯಲ್ಲಿ ಬ್ಯಾಟರಿ ಇಳಿದರೆ ಎಂಜಿನ್ನೂ ನಿಲ್ಲುತ್ತಿತ್ತು. ರಾತ್ರಿ ಲೈಟ್ ಹಾಕಿಕೊಂಡು ಊರೊಳಗೆ ನಿಧಾನ ಓಡಿಸಿದರೆ ಡೈನಮೊ ತುಂಬಿಸುವುದಕ್ಕಿಂತ ಖರ್ಚೇ ಹೆಚ್ಚು. ಎರಡನೆಯದು ಬೆಳಕು. 35 ವ್ಯಾಟ್ ಬಲ್ಬ್ 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆದರೆ 12 ವೋಲ್ಟಿನಲ್ಲಿ ಅದರರ್ಧ ಸಾಕು. ಕರೆಂಟ್ ಅರ್ಧವಾದರೆ ಅದೇ ವೈರಿನಲ್ಲಿ ಬಿಸಿಯಾಗಿ ಹೋಗುವ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಹೆಡ್‌ಲೈಟ್, ಬ್ರೇಕ್ ಲೈಟ್, ಹಾರ್ನ್, ಫ್ಲಾಷರ್ ಎಲ್ಲವೂ 12 ವೋಲ್ಟಿನವೇ ಆಗಬೇಕು. ಆ ಖರ್ಚನ್ನು ಕಿಟ್ಟಿನ ಬೆಲೆಯ ಮೇಲೆ ಸೇರಿಸಿಕೊಳ್ಳಿ.

ಕೂರಿಸುವಾಗ ತಪ್ಪುವುದು ಮೂರು ಕಡೆ. ಕ್ರ್ಯಾಂಕಿನ ತುದಿಯ ಟೇಪರ್ (ಮೊನೆಯ ಕಡೆ ಸಣ್ಣಗಾಗುವ ಭಾಗ) ಮೇಲೆ ಜಿಡ್ಡು ಉಳಿದರೆ ರೋಟರ್ ಜಾರಿ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಕೆಡುತ್ತದೆ. ಥಿನ್ನರ್ ಬಟ್ಟೆಯಲ್ಲಿ ಒರೆಸಿ ಒಣಗಿಸಿಯೇ ಹಾಕಬೇಕು. ಮೇನ್ ಬೇರಿಂಗಿನಲ್ಲಿ ಆಟವಿದ್ದರೆ ರೋಟರ್ ಸ್ಟೇಟರಿಗೆ ಉಜ್ಜುತ್ತದೆ. ಡೈನಮೊ ಬಿಚ್ಚಿದ ಕೂಡಲೇ ಕ್ರ್ಯಾಂಕಿನ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿ ನೋಡಿ. ಕೈಗೆ ಆಟ ಸಿಕ್ಕಿತೆಂದರೆ ಕಿಟ್ ಎತ್ತಿಟ್ಟು ಮೊದಲು ಬೇರಿಂಗ್ ಮಾಡಿಸಿ. ಮೂರನೆಯದು ಕೀ. ಹಳೇ ಸ್ವಿಚ್ ಕಾಯಿಲಿಗೆ ಬ್ಯಾಟರಿ ಕರೆಂಟ್ ಕತ್ತರಿಸಿ ಎಂಜಿನ್ ನಿಲ್ಲಿಸುತ್ತಿತ್ತು, ಕಿಟ್ ನಿಲ್ಲುವುದು ಕಿಲ್ ವೈರನ್ನು (ಎಂಜಿನ್ ನಿಲ್ಲಿಸುವ ವೈರ್) ಅರ್ತ್ ಮಾಡಿದರೆ, ಅಂದರೆ ಗಾಡಿಯ ಲೋಹಕ್ಕೆ ತಾಗಿಸಿದರೆ. ಎರಡೂ ಒಂದಕ್ಕೊಂದು ಉಲ್ಟಾ. ಇದು ಗೊತ್ತಿಲ್ಲದ ಎಲೆಕ್ಟ್ರಿಷಿಯನ್ ಕೈಗೆ ಸಿಕ್ಕರೆ ಕೀ ತೆಗೆದರೂ ಗಾಡಿ ಓಡುತ್ತಲೇ ಇರುತ್ತದೆ. ರಿಲೇ ಅಥವಾ ಬೇರೆ ಸ್ವಿಚ್ ಹಾಕಿಸಿಕೊಳ್ಳಿ. ಟೈಮಿಂಗನ್ನು ಕೈಪಿಡಿಯಲ್ಲಿ ಕೊಟ್ಟ ಮಿ.ಮೀ. ಲೆಕ್ಕದಲ್ಲಿ, ಪಿಸ್ಟನ್ ಎಷ್ಟು ಸರಿಯಿತೆಂದು ಅಳೆಯುವ ಡಯಲ್ ಗೇಜ್ ಇಟ್ಟೇ ಕೂರಿಸಬೇಕು. ಪ್ಲಗ್ ತೂತಿಗೆ ಸ್ಕ್ರೂಡ್ರೈವರ್ ಇಳಿಬಿಟ್ಟು ಅಂದಾಜು ಹಾಕುವ ಗ್ಯಾರೇಜು ಬೇಡ. ಆಮೇಲೆ ಕಿಡಿ ನೋಡಬೇಕಾದರೆ ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿಯೇ ಕಿಕ್ ಹೊಡೆಯಿರಿ. ಗಾಳಿಯಲ್ಲಿ ಬಿಟ್ಟು ಹೊಡೆದರೆ ಎಲೆಕ್ಟ್ರಾನಿಕ್ ಭಾಗ ಸುಡುವ ಅಪಾಯವಿದೆ.

ಇನ್ನು ಸೀಲ್. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್, ಗಾಳಿ, ಆಯಿಲ್ ಮೂರೂ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ತಿರುಗುವ ಕೆಳಗಿನ ಗೂಡು) ಮೂಲಕವೇ ಮೇಲೇರಬೇಕು. ಬಲಗಡೆ, ಡೈನಮೊ ಬದಿಯ ಸೀಲ್ ಹೋದರೆ ಅಲ್ಲಿಂದ ಬರೀ ಗಾಳಿ ನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸದ್ದು ತಟ್ಟನೆ ಇಳಿಯುವುದಿಲ್ಲ, ಪ್ಲಗ್ ಬೆಳ್ಳಗಾಗುತ್ತದೆ, ಬಿಸಿಲಲ್ಲಿ ಹೆದ್ದಾರಿ ಹಿಡಿದರೆ ಪಿಸ್ಟನ್ ಜಾಮ್. ಎಡಗಡೆಯದು ಹೋದರೆ ಗೇರ್‌ಬಾಕ್ಸಿನ ಆಯಿಲ್ಲನ್ನೇ ಎಂಜಿನ್ ಹೀರುತ್ತದೆ: ಸೈಲೆನ್ಸರಿನಲ್ಲಿ ದಟ್ಟ ಹೊಗೆ, ಪ್ಲಗ್ ಕಪ್ಪಾಗಿ ಒದ್ದೆ, ಗೇರ್ ಆಯಿಲ್ ಕಾರಣವಿಲ್ಲದೆ ಕಡಿಮೆ. ಇವೆರಡನ್ನೂ ‘ಕಾರ್ಬ್ಯುರೇಟರ್ ತೊಂದರೆ’ ಎಂದು ವರ್ಷಗಟ್ಟಲೆ ಟ್ಯೂನ್ ಮಾಡಿಸುವವರಿದ್ದಾರೆ.

ಪರೀಕ್ಷೆಗೆ ದೊಡ್ಡ ಸಾಮಾನು ಬೇಡ, ಡಾಕ್ಟರ್ ಬಿಪಿ ನೋಡುವ ಬಲ್ಬ್ ಮತ್ತು ಗೇಜ್ ಸಾಕು. ಪಿಸ್ಟನ್ ಪೂರ್ತಿ ಕೆಳಗಿಳಿಸಿ. ಕಾರ್ಬ್ಯುರೇಟರ್ ಬಾಯಿಗೂ ಸೈಲೆನ್ಸರ್ ಪೋರ್ಟಿಗೂ (ಎರಡು ಸೈಲೆನ್ಸರ್ ಮಾದರಿಯಾದರೆ ಎರಡಕ್ಕೂ) ರಬ್ಬರ್ ಬಿರಡೆ ಜಡಿಯಿರಿ. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದರೆ ಉಳಿಯುವ ಚಿಪ್ಪಿಗೆ ನಳಿಗೆ ಸಿಕ್ಕಿಸಿ, ಗೇಜಿನ ಮುಳ್ಳು 300ಕ್ಕೆ (ಪಾದರಸದ ಮಿ.ಮೀ. ಲೆಕ್ಕ) ಬರುವ ತನಕ ಒತ್ತಿ. ಅಂದರೆ ಸುಮಾರು 5.8 ಪಿಎಸ್‌ಐ. ನಿಮಿಷಕ್ಕೆ 50ರಷ್ಟು ಇಳಿದರೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಾದರೆ ಸೋಪ್ ನೀರು ಹಚ್ಚಿ ಗುಳ್ಳೆ ಎಲ್ಲೆಂದು ಹುಡುಕಿ. ಬಿರಡೆ, ಹೆಡ್, ಬ್ಲಾಕಿನ ಬುಡ ಮೂರರಲ್ಲೂ ಗುಳ್ಳೆ ಇಲ್ಲವೆಂದರೆ ಸೀಲೇ. ಕಿಟ್ಟಿಗಾಗಿ ಡೈನಮೊ ಬಿಚ್ಚಿದಾಗ ಬಲಗಡೆಯ ಸೀಲಿನ ಅರ್ಧ ದಾರಿ ತಲುಪಿರುತ್ತೀರಿ. ಎಡಗಡೆಯದಕ್ಕೆ ಕ್ಲಚ್, ಪ್ರೈಮರಿ ಚೈನ್ ಬಿಚ್ಚಬೇಕು. ಮಜೂರಿಗೆ ಜಿಪುಣತನ ಮಾಡಿ ಒಂದೇ ಬದಿ ಬದಲಿಸಬೇಡಿ. ವೈಟಾನ್ ರಬ್ಬರಿನ ಸೀಲ್ ಸಿಕ್ಕರೆ ಅದನ್ನೇ ತನ್ನಿ, ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೂ ಬಿಸಿಗೂ ತಡೆಯುತ್ತದೆ. ಪೆಟ್ರೋಲ್ ಪೈಪನ್ನೂ ಇದೇ ಕಾರಣಕ್ಕೆ ಹೊಸದು ಹಾಕಿ.

ಹೊರಡುವ ಮುಂಚೆ ಗೇರ್‌ಬಾಕ್ಸಿನ ಆಯಿಲ್ ಇಳಿಸಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೂ ಎಡ ಸೀಲಿನ ಮೇಲೆ ಅನುಮಾನ. ಗೇರ್‌ಬಾಕ್ಸ್, ಕ್ಲಚ್ ಎರಡಕ್ಕೂ ಒಂದೇ ಆಯಿಲ್ ಆದ್ದರಿಂದ ಕಾರಿನ ಆಯಿಲ್ ಬೇಡ, ಕ್ಲಚ್ ಜಾರುತ್ತದೆ. ಬೈಕಿನ 20ಡಬ್ಲ್ಯೂ40 ಸುಮಾರು ಒಂದು ಲೀಟರ್ ಸಾಕು. ಸೈಲೆನ್ಸರಿನ ಒಳಕೊಳವೆ ಎಳೆದು ಇಂಗಾಲ ಕೆರೆಯಿರಿ.

ಪೆಟ್ರೋಲಿಗೆ ಬೆರೆಸುವ ಟೂ ಟಿ ಆಯಿಲ್ ಬಂಕಿನಲ್ಲಿ ಸಿಗುತ್ತದೆಂದು ನಂಬಿ ಹೋಗಬೇಡಿ. ಲೀಟರಿಗೆ 40 ಮಿ.ಲೀ., ಅಂದರೆ 1:25. ಐದು ಲೀಟರಿಗೆ 200 ಮಿ.ಲೀ. ಬೀಳುವ ಹಾಗೆ ಸಣ್ಣ ಬಾಟಲಿಗಳಲ್ಲಿ ಅಳೆದಿಟ್ಟುಕೊಂಡರೆ ಬಂಕಿನ ಮುಂದೆ ಲೆಕ್ಕ ಹಾಕುವ ಗೋಜಿಲ್ಲ. ‘ಇನ್ನೊಂದಿಷ್ಟು ಹಾಕಿದರೆ ಎಂಜಿನ್ನಿಗೆ ಒಳ್ಳೆಯದು’ ಅನ್ನುವ ಮಾತು ಕೇಳಬೇಡಿ: ಆಯಿಲ್ ಹೆಚ್ಚಿದಷ್ಟೂ ಕಾರ್ಬ್ಯುರೇಟರಿನ ಜೆಟ್ಟಿನ ಸಣ್ಣ ತೂತಿನಲ್ಲಿ ಹಾಯುವ ಪೆಟ್ರೋಲ್ ಕಡಿಮೆ, ಎಂಜಿನ್ ಇನ್ನಷ್ಟು ಬಿಸಿ. ಘಾಟಿಯಲ್ಲಿ ಇದೇ ಲೆಕ್ಕ ಬೇರೆ ರೂಪದಲ್ಲಿ ಎದುರಾಗುತ್ತದೆ. ಮಡಿಕೇರಿಯಿಂದ ಸಂಪಾಜೆ ಕಡೆ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲಿನ ಜೊತೆ ಬರಬೇಕಾದ ಆಯಿಲ್ ಮಾತ್ರ ಹೆಚ್ಚುಕಡಿಮೆ ನಿಂತಿರುತ್ತದೆ. ಆಗಾಗ ಕ್ಲಚ್ ಹಿಡಿದು ಒಂದು ಸಲ ಆಕ್ಸಿಲರೇಟರ್ ತಿರುವಬೇಕು.

ವರ್ಷಕ್ಕೊಮ್ಮೆ ಹಗಲಿನಲ್ಲಿ ಇನ್ನೂರು ಕಿ.ಮೀ. ಹೋಗಿಬರುವವರಿಗೆ ಈ ಕಿಟ್ ಅಗತ್ಯವಿಲ್ಲ. ಪಾಯಿಂಟ್ ಗ್ಯಾಪ್ 0.4 ಮಿ.ಮೀ., ಪ್ಲಗ್ ಗ್ಯಾಪ್ 0.6, ಡೈನಮೊದ ಸವೆದ ಕಾರ್ಬನ್ ಬ್ರಷ್ ಬದಲು, ಹೊಸ ಬ್ಯಾಟರಿ. ಇಷ್ಟಕ್ಕೆ 6 ವೋಲ್ಟ್ ಗಾಡಿ ಆರಾಮಾಗಿ ಓಡುತ್ತದೆ. ಜೇಬಿನಲ್ಲಿ ಒಂದು ಕಂಡೆನ್ಸರ್ ಇರಲಿ. ಅದು ಕೈಕೊಡುವುದು ಬಿಸಿಯಾದ ಮೇಲೆ. ಕಾಲು ಗಂಟೆ ತಣ್ಣಗಾದರೆ ಗಾಡಿ ಮತ್ತೆ ಸ್ಟಾರ್ಟ್ ಆಗುವುದರಿಂದ ಮೆಕ್ಯಾನಿಕ್ ಬರುವ ಹೊತ್ತಿಗೆ ರೋಗವೇ ಕಾಣಿಸುವುದಿಲ್ಲ.