ಗೇಮ್‌ಗಳೊಳಗಿನ ವೇಷದ ಅಂಗಡಿ: ದೂರಬೇಕಾದದ್ದು ಸರಕನ್ನಲ್ಲ, ವ್ಯಾಪಾರವನ್ನು

ಕಳೆದ ವರ್ಷ ಆಡುತ್ತಿದ್ದ ಒಂದು ಆನ್‌ಲೈನ್ ಶೂಟಿಂಗ್ ಗೇಮ್‌ನಲ್ಲಿ ನನ್ನ ಪಾತ್ರಕ್ಕೆಂದು ನೀಲಿ ನಿಲುವಂಗಿಯ ಸ್ಕಿನ್ (ಪಾತ್ರ ತೊಡುವ ವೇಷ) ಒಂದನ್ನು ಕೊಂಡೆ. ಅದರ ಬೆಲೆ 1,200 ನಾಣ್ಯ. ಆ ನಾಣ್ಯಗಳನ್ನು ನಿಜವಾದ ದುಡ್ಡು ಕೊಟ್ಟೇ ಪಡೆಯಬೇಕು, ಅದೂ ಸಾವಿರ ಸಾವಿರದ ಲೆಕ್ಕದಲ್ಲಿ. ಎರಡು ಸಾವಿರ ನಾಣ್ಯ ಕೊಂಡು ಸ್ಕಿನ್ ಪಡೆದೆ. ಮಿಕ್ಕ 800 ಇಂದಿಗೂ ಖಾತೆಯಲ್ಲಿ ಹಾಗೆಯೇ ಬಿದ್ದಿದೆ, ಏಕೆಂದರೆ ಮನಸ್ಸಿಗೆ ಹಿಡಿಸುವ ಒಂದೇ ಒಂದು ವಸ್ತುವೂ ಆ ಅಂಗಡಿಯಲ್ಲಿ ಅಷ್ಟಕ್ಕೆ ಸಿಗುವುದಿಲ್ಲ. ಪಾತ್ರದ ಕಣ್ಣಿನಿಂದಲೇ ಎಲ್ಲವನ್ನೂ ನೋಡುವ ಆಟವಾದ್ದರಿಂದ ಪಂದ್ಯದಲ್ಲಿ ನನಗೆ ಕಾಣುತ್ತಿದ್ದುದು ಬಂದೂಕು ಹಿಡಿದ ಎರಡು ಕೈ ಮತ್ತು ಮಣಿಕಟ್ಟಿನ ಬಳಿ ನೀಲಿ ತೋಳಿನ ಬೆರಳಗಲದ ಅಂಚು ಮಾತ್ರ. ಆದರೂ ಗುಂಡು ತುಂಬುವಾಗಲೆಲ್ಲ ಆ ಅಂಚು ಕಣ್ಣಿಗೆ ಬಿದ್ದು ಖುಷಿಯಾಗುತ್ತಿತ್ತು. ನಿಲುವಂಗಿಗೆ ಕೊಟ್ಟ ದುಡ್ಡಿನ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಉಳಿದುಹೋದ 800 ನಾಣ್ಯದ ಬಗ್ಗೆ ಸಿಟ್ಟಿದೆ. ಇಂಥ ಅಂಗಡಿಗಳನ್ನು ನಾನು ಅಳೆಯುವುದೂ ಈ ವ್ಯತ್ಯಾಸದಿಂದಲೇ.

ಇವುಗಳನ್ನು ಯಾರಾದರೂ ಟೀಕಿಸಿದರೆ ಸಿಗುವ ಸಿದ್ಧ ಉತ್ತರ, "ಬರೀ ಅಲಂಕಾರ ತಾನೆ, ಬೇಡವಾದರೆ ಬಿಡಿ" ಎಂಬುದು. ಅದು ಅರ್ಧ ನಿಜ. ಡೋಟಾ 2ರಲ್ಲಿ ಎಲ್ಲ ಹೀರೋಗಳೂ ಎಲ್ಲರಿಗೂ ಉಚಿತವಾಗಿ ಸಿಗುತ್ತಾರೆ, ಮಾರಾಟವಾಗುವುದು ಮುಖ್ಯವಾಗಿ ಅವರ ತೊಡುಗೆ. ಹಾಗಾಗಿ ಸಾವಿರಗಟ್ಟಲೆ ಖರ್ಚು ಮಾಡಿದವರೂ ಬಿಡಿಗಾಸು ಕೊಡದವರೂ ಒಂದೇ ಬಲದಿಂದ ಕಣಕ್ಕಿಳಿಯುತ್ತಾರೆ. ಗೆಲುವನ್ನೇ ದುಡ್ಡಿಗೆ ಮಾರುವ ಆಟಗಳ ಮುಂದೆ ಇದು ಎಷ್ಟೋ ಮರ್ಯಾದೆಯ ದಾರಿ. ಒಳ್ಳೆಯ ಸ್ಕಿನ್ ಒಂದರ ಹಿಂದೆ ಚಿತ್ರಕಾರರ, ಅನಿಮೇಷನ್ ಮಾಡುವವರ ವಾರಗಟ್ಟಲೆಯ ದುಡಿಮೆಯಿರುತ್ತದೆ, ಅದಕ್ಕೆ ಬೆಲೆ ಕೇಳುವುದು ತಪ್ಪಲ್ಲ. ನಾನು ಒಪ್ಪದಿರುವುದು ಆ "ಬರೀ" ಎಂಬ ಮಾತನ್ನು. ಹತ್ತಾರು ಜನ ಒಟ್ಟಿಗೆ ಸೇರುವ ಕಡೆ ತಾನು ಹೇಗೆ ಕಾಣುತ್ತೇನೆ ಎಂಬುದು ಆಟದ ಹೊರಗಿನ ಸಂಗತಿಯಲ್ಲ. ಫೋರ್ಟ್‌ನೈಟ್‌ನ ಉಚಿತ ವೇಷದಲ್ಲೇ ಆಡುವವರನ್ನು ಜೊತೆಯವರು "ಡಿಫಾಲ್ಟ್" ಎಂದು ಹೀಯಾಳಿಸುತ್ತಾರೆಂದು ಮಕ್ಕಳೇ ಹೇಳಿಕೊಂಡದ್ದು ಇಂಗ್ಲೆಂಡಿನ ಮಕ್ಕಳ ಆಯುಕ್ತರು 2019ರಲ್ಲಿ ಪ್ರಕಟಿಸಿದ ವರದಿಯಲ್ಲಿದೆ. ಹಾಗೆ ಅನ್ನಿಸಿಕೊಂಡ ಮಗುವಿಗೆ "ಬೇಡವಾದರೆ ಬಿಡು" ಎನ್ನುವುದು ಉತ್ತರವಾಗುವುದಿಲ್ಲ.

ಈ ವ್ಯಾಪಾರದ ಮಾತು ಬಂದಾಗಲೆಲ್ಲ ನೆನಪಾಗುವುದು, 2006ರ ಏಪ್ರಿಲ್‌ನಲ್ಲಿ ಬೆಥೆಸ್ಡಾ ಸಂಸ್ಥೆ ತನ್ನ ಆಬ್ಲಿವಿಯನ್ ಆಟಕ್ಕೆಂದು ಮಾರಾಟಕ್ಕಿಟ್ಟ ಕುದುರೆಯ ಕವಚ. ಎಕ್ಸ್‌ಬಾಕ್ಸ್ 360 ಎಂಬ ಮೈಕ್ರೋಸಾಫ್ಟ್‌ನ ಗೇಮ್ ಯಂತ್ರದಲ್ಲಿ ಅದರ ಬೆಲೆ 200 ಮೈಕ್ರೋಸಾಫ್ಟ್ ಪಾಯಿಂಟ್, ಅಂದರೆ ಎರಡೂವರೆ ಡಾಲರ್. ಅಂದು ಆಟಗಾರರ ಸಿಟ್ಟೆಲ್ಲ ಕವಚದ ಮೇಲೆ ಹರಿಯಿತು. ನನ್ನನ್ನು ಕೇಳಿದರೆ ಅದು ಹರಿಯಬೇಕಿದ್ದುದು ಪಾಯಿಂಟ್‌ಗಳ ಮೇಲೆ. ದುಡ್ಡು ಬೇರೊಂದು ಹೆಸರಿನ ನಾಣ್ಯವಾಗಿ ಬದಲಾದ ಕೂಡಲೇ ಖರ್ಚಿನ ಅಂದಾಜು ಕೈತಪ್ಪುತ್ತದೆ, ಮತ್ತು ವಸ್ತುವಿನ ಬೆಲೆಗೂ ನಾಣ್ಯದ ಕಟ್ಟಿಗೂ ಎಂದೂ ತಾಳೆಯಾಗದಂತೆ ಇಟ್ಟರೆ, ಖಾತೆಯಲ್ಲಿ ಸದಾ ಒಂದಿಷ್ಟು ಚಿಲ್ಲರೆ ಉಳಿದು ಮುಂದಿನ ಖರೀದಿಗೆ ಕರೆಯುತ್ತಲೇ ಇರುತ್ತದೆ. ಮೈಕ್ರೋಸಾಫ್ಟ್ 2013ರಲ್ಲಿ ಪಾಯಿಂಟ್‌ಗಳನ್ನು ಕೈಬಿಟ್ಟು ಆಯಾ ದೇಶದ ಹಣದಲ್ಲೇ ಬೆಲೆ ತೋರಿಸತೊಡಗಿತು, ಅದರಿಂದ ಅಂಗಡಿಯೇನೂ ಮುಚ್ಚಲಿಲ್ಲ. ಆದರೆ ಅಷ್ಟರಲ್ಲಿ ಆ ಪದ್ಧತಿ ಒಂದೊಂದು ಆಟದೊಳಗೂ ಬೇರು ಬಿಟ್ಟಾಗಿತ್ತು.

ಲೂಟ್ ಬಾಕ್ಸ್‌ಗಳ ಬಗ್ಗೆ, ಅಂದರೆ ತೆರೆದ ಮೇಲಷ್ಟೇ ಒಳಗಿನ ವಸ್ತು ಯಾವುದೆಂದು ತಿಳಿಯುವ ಪೆಟ್ಟಿಗೆಗಳ ಬಗ್ಗೆ, ಹೆಚ್ಚು ಹೇಳಬೇಕಿಲ್ಲ. 2016ರಲ್ಲಿ ಬಂದ ಓವರ್‌ವಾಚ್‌ನ ಪೆಟ್ಟಿಗೆಗಳಲ್ಲಿ ಇದ್ದುದು ಅಲಂಕಾರದ ವಸ್ತುಗಳು ಮಾತ್ರ. ಆದರೂ ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಅವನ್ನು ಜೂಜೆಂದೇ ಹೇಳಿತು. ಒಳಗೇನಿದೆ ಎಂದು ತಿಳಿಯದೆ ದುಡ್ಡು ಕಟ್ಟುವುದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲಾಗದು.

ಅಂಗಡಿಯ ಪರದೆಯ ಮೇಲ್ತುದಿಯಲ್ಲಿ ಓಡುವ ಗಡಿಯಾರವೂ ನನಗೆ ಅಷ್ಟೇ ಕೆಟ್ಟದ್ದಾಗಿ ಕಾಣುತ್ತದೆ. ಈ ಬಟ್ಟೆ ಸವೆಯುವುದಿಲ್ಲ, ಗೋದಾಮಿನಲ್ಲಿ ಮುಗಿದುಹೋಗುವುದೂ ಇಲ್ಲ. ಇನ್ನು ಹದಿನಾಲ್ಕು ಗಂಟೆಯಲ್ಲಿ ಸಿಗದಂತಾಗುತ್ತದೆ ಎಂಬ ಆತಂಕವನ್ನು ಮಾರುವವರೇ ಹುಟ್ಟಿಸಿದ್ದು. ಗುಂಡಿಗಳ ಜೋಡಣೆಯಲ್ಲೂ ಇಂಥದೇ ಕೈಚಳಕ ಇರಬಲ್ಲದು. ಆಟವನ್ನು ಸ್ಲೀಪ್ ಮೋಡ್‌ನಿಂದ ಎಬ್ಬಿಸುವಾಗಲೋ ಲೋಡಿಂಗ್ ಪರದೆ ಇರುವಾಗಲೋ ಒಂದು ಗುಂಡಿ ಒತ್ತಿದರೂ ಖರೀದಿ ಆಗಿಬಿಡುತ್ತಿತ್ತು ಎಂದು ಫೋರ್ಟ್‌ನೈಟ್ ತಯಾರಿಸಿದ ಎಪಿಕ್ ಗೇಮ್ಸ್ ಮೇಲೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು, ಮತ್ತು 2022ರ ಡಿಸೆಂಬರ್‌ನಲ್ಲಿ ಎಪಿಕ್ ಗ್ರಾಹಕರಿಗೆ ಮರಳಿಸಲು 24.5 ಕೋಟಿ ಡಾಲರ್ ಕೊಡಲು ಒಪ್ಪಿತು. ಮಾರಿದ ವಸ್ತುಗಳು ಚೆನ್ನಾಗಿದ್ದವೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಬರಲಿಲ್ಲ.

ಇದನ್ನೆಲ್ಲ ಬಿಟ್ಟೂ ವೇಷ ಮಾರಬಹುದು ಎಂಬುದಕ್ಕೆ ನಾನು ತೋರಿಸುವುದು ಘೋಸ್ಟ್ ಶಿಪ್ ಗೇಮ್ಸ್‌ನವರ ಡೀಪ್ ರಾಕ್ ಗ್ಯಾಲಕ್ಟಿಕ್ ಆಟವನ್ನು. ನಾಲ್ವರು ಕುಳ್ಳ ಗಣಿಗಾರರು ಗುಹೆಗಳಿಗಿಳಿದು ಅದಿರು ಅಗೆಯುವ ಈ ಆಟದಲ್ಲಿ ಗಡ್ಡ, ಟೋಪಿ, ಕವಚದ ಬಣ್ಣ ಇವುಗಳಲ್ಲಿ ಬಹುಪಾಲನ್ನು ಆಡಿಯೇ ಗಳಿಸಬಹುದು. ದುಡ್ಡಿಗೆ ಮಾರುವ ವೇಷದ ಪ್ಯಾಕ್‌ಗಳೂ ಇವೆ, ಆದರೆ ಅವುಗಳ ಬೆಲೆ ನೇರವಾಗಿ ಹಣದಲ್ಲೇ ಬರೆದಿರುತ್ತದೆ, ಒಳಗೇನಿದೆ ಎಂಬುದೂ ಮೊದಲೇ ಕಾಣುತ್ತದೆ. ಸೀಸನ್ ಎಂದು ಕರೆಯುವ ಒಂದೊಂದು ಅವಧಿಯಲ್ಲಿ ಆಡಿ ಗಳಿಸುವ ಉಡುಗೊರೆಗಳಿಗೆ ದುಡ್ಡು ಕೊಡಬೇಕಿಲ್ಲ. 2024ರಿಂದ ಹಿಂದಿನ ಸೀಸನ್‌ಗೆ ಮರಳಿ ತಪ್ಪಿಹೋದುದನ್ನು ಗಳಿಸುವ ಅವಕಾಶವನ್ನೂ ಕೊಟ್ಟಿದ್ದಾರೆ. ಇಲ್ಲಿಯೂ ಗುಹೆಯೊಳಗೆ ನನ್ನ ಕಣ್ಣಿಗೆ ಬೀಳುವುದು ನನ್ನ ಕೈಗಳಷ್ಟೇ. ಎರಡು ಪ್ಯಾಕ್ ಕೊಂಡಿದ್ದೇನೆ. ಯಾರೂ ಅವಸರಪಡಿಸಲಿಲ್ಲ, ಮತ್ತು ಖಾತೆಯಲ್ಲಿ ಒಂದು ಚಿಲ್ಲರೆ ನಾಣ್ಯವೂ ಉಳಿದಿಲ್ಲ.