0–10 ಬಾರ್ ಫ್ಯೂಯಲ್ ಪ್ರೆಷರ್ ಗೇಜ್ ಕಿಟ್: ದೀರ್ಘಕಾಲದ ಬಳಕೆಯ ವಿಮರ್ಶೆ

ಪಂಪಿನಿಂದ ಇಂಜಿನ್‌ಗೆ ಹೋಗುವ ಪೆಟ್ರೋಲಿನ ಒತ್ತಡ ಅಳೆಯುವ ಇಂಥ ಕಿಟ್ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಡಯಲ್ ಮೇಲೆ, ಆಮೇಲೆ ಪೆಟ್ಟಿಗೆಯಲ್ಲಿ ಎಷ್ಟು ಅಡಾಪ್ಟರ್ ಇವೆ ಎಂಬ ಲೆಕ್ಕದ ಮೇಲೆ. ವರ್ಷಗಟ್ಟಲೆ ಬಳಸಿದ ಮೇಲೆ ಗೊತ್ತಾಗುವುದು, ಕೊಟ್ಟ ಹಣ ವಸೂಲಾಗುವುದು ಎರಡು ವಾಲ್ವ್‌ಗಳಿಂದಲೇ: ಗಾಳಿ ಹೊರಬಿಡಲು ಗೇಜಿನ ಬುಡದಲ್ಲಿರುವ ಬ್ಲೀಡ್ ವಾಲ್ವ್, ಪೆಟ್ರೋಲ್ ದಾರಿ ಮುಚ್ಚಲು ಹೋಸಿನ ಮಧ್ಯೆ ಕೂರಿಸುವ ಶಟ್-ಆಫ್ ವಾಲ್ವ್. ಪೆಟ್ಟಿಗೆ ತುಂಬ ಇರುವ ಹಿತ್ತಾಳೆ ತುಂಡುಗಳಲ್ಲಿ ಮತ್ತೆ ಮತ್ತೆ ಕೈಗೆ ಬರುವುದು ಮೂರೇ: ಟೈರ್ ವಾಲ್ವ್‌ನಂಥ ಮೂತಿಗೆ ಕೂರುವ ಶ್ರೇಡರ್ ಅಡಾಪ್ಟರ್, 7.89 ಮಿ.ಮೀ. ಮತ್ತು 9.49 ಮಿ.ಮೀ. ಕ್ವಿಕ್ ಕನೆಕ್ಟರ್‌ನ (ಒತ್ತಿ ಕೂರಿಸುವ ಪೈಪ್ ಜೋಡಣೆ) ಟೀ ಆಕಾರದ ತುಂಡುಗಳು.

ಡಯಲ್ ಬಗ್ಗೆ ಒಂದು ಎಚ್ಚರ. ಗೇಜಿನ ತಪ್ಪನ್ನು ಪೂರ್ತಿ ಅಳತೆಯ ಶೇಕಡಾವಾರು ಲೆಕ್ಕದಲ್ಲಿ ಹೇಳುತ್ತಾರೆ. 10 ಬಾರ್ ಡಯಲ್‌ಗೆ ಶೇ. 2.5 ಎಂದರೆ ಮುಳ್ಳು ಎಲ್ಲೇ ನಿಂತಿರಲಿ, ಕಾಲು ಬಾರ್ ಆಚೀಚೆ ಆಗಬಹುದು. 3.0 ಇರಬೇಕಾದಲ್ಲಿ 2.8 ತೋರಿಸಿತೆಂದು ಪಂಪ್ ಬದಲಿಸಲು ಹೊರಡುವುದು ತಪ್ಪು. ಸುಮಾರು 1 ಬಾರ್‌ನಲ್ಲಿ ಕೆಲಸ ಮಾಡುವ ಸಿಂಗಲ್ ಪಾಯಿಂಟ್ ಇಂಜೆಕ್ಷನ್‌ಗೂ ಕಾರ್ಬ್ಯುರೇಟರ್ ಗಾಡಿಗೂ ಈ ಡಯಲ್ ಪ್ರಯೋಜನಕ್ಕಿಲ್ಲ, ಅವಕ್ಕೆ ಸಣ್ಣ ಅಳತೆಯ ಗೇಜ್ ಬೇಕು. ಹೊಸ ಗೇಜಿಗೆ ಪೆಟ್ರೋಲ್ ಸೋಕುವ ಮೊದಲೇ ಅದನ್ನು ಏರ್ ಕಂಪ್ರೆಸರ್‌ಗೆ ಜೋಡಿಸಿ, ನಂಬಿಕೆಯ ಇನ್ನೊಂದು ಗೇಜಿನ ಪಕ್ಕದಲ್ಲಿಟ್ಟು 3 ಬಾರ್‌ನಲ್ಲಿ ಹೋಲಿಸಿ. ಎಷ್ಟು ವ್ಯತ್ಯಾಸವಿದೆಯೋ ಅದನ್ನು ಹಿಂಬದಿಯಲ್ಲಿ ಬರೆದಿಡಿ.

ಜೋಡಿಸುವುದು ತಣ್ಣಗಿರುವ ಇಂಜಿನ್‌ಗೆ ಮಾತ್ರ. ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಇನ್ನೊಮ್ಮೆ ಎರಡು ಸೆಕೆಂಡ್ ಸೆಲ್ಫ್ ಹೊಡೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಇಷ್ಟಾದರೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿದಿರುತ್ತದೆ. ಕನೆಕ್ಟರ್ ಸುತ್ತ ಬಟ್ಟೆ, ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಪೌಡರ್ ಅಗ್ನಿಶಾಮಕ ಇರಲೇಬೇಕು. ಗೇಜ್ ಕೂರಿಸಿದ ಮೇಲೆ ಬ್ಯಾಟರಿ ಮತ್ತು ಫ್ಯೂಸ್ ಹಾಕಿ, ಸ್ಟಾರ್ಟ್ ಮಾಡದೆ ಕೀಯನ್ನು ಮೂರು ನಾಲ್ಕು ಸಲ ಆನ್ ಮಾಡಿ ಎಲ್ಲ ಜೋಡಣೆಗಳನ್ನೂ ನೋಡಿ. ಒಂದು ಹನಿ ಜಿನುಗಿದರೂ ಮುಂದೆ ಹೋಗಬೇಡಿ.

ಬ್ಲೀಡ್ ವಾಲ್ವ್ ಕೆಲಸಕ್ಕೆ ಬರುವುದು ಈಗ. ಡ್ರೈನ್ ಪೈಪಿನ ತುದಿಯನ್ನು ಲೋಹದ ಡಬ್ಬಿಗಿಟ್ಟು, ಗುಳ್ಳೆ ಬರುವುದು ನಿಲ್ಲುವವರೆಗೆ ಪೆಟ್ರೋಲ್ ಹರಿಸಿ. ಹೋಸಿನಲ್ಲಿ ಗಾಳಿ ಉಳಿದರೆ ಅದು ಸ್ಪ್ರಿಂಗಿನಂತೆ ಒತ್ತಡವನ್ನು ಹಿಡಿದಿಡುತ್ತದೆ. ಆಗ ಸೋರಿಕೆ ಇದ್ದರೂ ಮುಳ್ಳು ನಿಧಾನವಾಗಿ ಇಳಿಯುತ್ತದೆ, ಕೆಟ್ಟ ಭಾಗ ಸರಿಯಾಗಿದೆಯೆಂದು ಕಾಣುತ್ತದೆ. ಬ್ಲೀಡ್ ವಾಲ್ವ್ ಇಲ್ಲದ ಅಗ್ಗದ ಕಿಟ್‌ಗಳನ್ನು ಬೇಡ ಎನ್ನಲು ಈ ಒಂದು ಕಾರಣ ಸಾಕು.

ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪ್ ಇರುವ, 3 ಬಾರ್ ರೆಗ್ಯುಲೇಟರ್‌ನ (ಒತ್ತಡ ನಿಯಂತ್ರಕ) ಗಾಡಿಯಲ್ಲಿ ಕೀ ಆನ್ ಮಾಡಿದಾಗ ಮುಳ್ಳು 3.0ರ ಹತ್ತಿರ ನಿಲ್ಲಬೇಕು, ಐಡ್ಲಿಂಗ್‌ನಲ್ಲಿ 2.5ರ ಆಸುಪಾಸಿಗೆ ಇಳಿಯಬೇಕು, ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಿತ್ತ ತಕ್ಷಣ ಮತ್ತೆ ಮೇಲೇರಬೇಕು. ಏರದಿದ್ದರೆ ಒಂದೋ ಹೋಸ್ ಸೀಳಿದೆ ಅಥವಾ ಕಟ್ಟಿದೆ, ಇಲ್ಲವೇ ರೆಗ್ಯುಲೇಟರ್ ಕೆಟ್ಟಿದೆ. ಕಿತ್ತ ಹೋಸಿನೊಳಗೆ ಪೆಟ್ರೋಲ್ ಕಂಡರೆ ರೆಗ್ಯುಲೇಟರಿನೊಳಗಿನ ಪೊರೆ, ಅಂದರೆ ಡಯಾಫ್ರಮ್ ಹರಿದಿದೆ, ಬೇರೆ ಪರೀಕ್ಷೆ ಬೇಕಿಲ್ಲ. ರಿಟರ್ನ್ ಇಲ್ಲದ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ 3.5ರಿಂದ 4 ಬಾರ್ ಇದ್ದು ಐಡ್ಲಿಂಗ್‌ನಲ್ಲೂ ಅಷ್ಟೇ ಇರುತ್ತದೆ. ಕೊನೆಯ ಮಾತು ಆಯಾ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನದು.

ಒತ್ತಡ ಹೆಚ್ಚಿದ್ದರೆ ರೆಗ್ಯುಲೇಟರಿನಿಂದ ಹೊರಡುವ ರಿಟರ್ನ್ ಪೈಪ್ ಬಿಚ್ಚಿ, ಬೇರೆ ಹೋಸ್ ಹಾಕಿ ನೇರ ಡಬ್ಬಿಗೆ ಬಿಡಿ. ಮುಳ್ಳು ಸರಿಯಾದ ಜಾಗಕ್ಕೆ ಬಂದರೆ ರಿಟರ್ನ್ ಪೈಪ್ ಕಟ್ಟಿದೆ, ಬಾರದಿದ್ದರೆ ರೆಗ್ಯುಲೇಟರ್ ಸಿಕ್ಕಿಹಾಕಿಕೊಂಡಿದೆ.

ಒತ್ತಡ ಕಡಿಮೆಯಿದ್ದಾಗ ಎಲ್ಲರೂ ಪಂಪನ್ನೇ ದೂರುತ್ತಾರೆ. ರಬ್ಬರ್ ರಿಟರ್ನ್ ಹೋಸನ್ನು ಒಂದೆರಡು ಸೆಕೆಂಡ್ ಕ್ಲಾಂಪ್ ಮಾಡಿ ನೋಡಿ. ನೈಲಾನ್ ಪೈಪನ್ನು ಮಾತ್ರ ಹೀಗೆ ಹಿಸುಕಬೇಡಿ, ಸೀಳುತ್ತದೆ. ಮುಳ್ಳು ಜಿಗಿದರೆ ಪಂಪಿಗೆ ಶಕ್ತಿ ಇದೆ, ರೆಗ್ಯುಲೇಟರ್ ಒತ್ತಡವನ್ನು ಬಿಟ್ಟುಕೊಡುತ್ತಿದೆ. ಜಿಗಿಯದಿದ್ದರೂ ಪಂಪ್ ಇಳಿಸುವ ಮೊದಲು, ಅದು ಓಡುತ್ತಿರುವಾಗಲೇ ಕನೆಕ್ಟರಿನಲ್ಲಿ ವೋಲ್ಟೇಜ್ ಅಳೆಯಿರಿ. ವೋಲ್ಟೇಜ್ ಬದಲಿಸಿ ಪಂಪಿನ ವೇಗ ನಿಯಂತ್ರಿಸುವ ಗಾಡಿಗಳನ್ನು ಬಿಟ್ಟರೆ, ಬ್ಯಾಟರಿಗಿಂತ ಅರ್ಧ ವೋಲ್ಟ್‌ಗೂ ಹೆಚ್ಚು ಕಡಿಮೆಯಿದ್ದಲ್ಲಿ ರಿಲೇ, ವೈರ್, ಅರ್ತ್ ಇವನ್ನು ಮೊದಲು ಸರಿಮಾಡಬೇಕು. ಸುಟ್ಟ ಕನೆಕ್ಟರ್‌ಗೆ ಹೊಸ ಪಂಪ್ ಹಾಕಿದರೆ ಅದೇ ರೋಗ ಮರಳುತ್ತದೆ. ವೋಲ್ಟೇಜ್ ಸರಿಯಿದ್ದರೆ ಫಿಲ್ಟರ್, ಟ್ಯಾಂಕಿನೊಳಗಿನ ಜಾಲರಿ, ಆಮೇಲೆ ಪಂಪ್.

ಐಡ್ಲಿಂಗ್‌ನಲ್ಲಿ ಒತ್ತಡ ಸರಿಯಾಗಿದ್ದು ಏರಿನಲ್ಲಿ ಎಳೆಯದ ಗಾಡಿಗೆ ಹರಿವಿನ ಪರೀಕ್ಷೆ ಬೇಕು. 30 ಸೆಕೆಂಡಿಗೆ ಸುಮಾರು ಅರ್ಧ ಲೀಟರ್ ಬಂದರೆ ಅನೇಕ ಕಾರುಗಳಿಗೆ ಸಾಕು. ಈ ಕಿಟ್‌ನ ದೊಡ್ಡ ಕೊರತೆ ಇಲ್ಲೇ: ಡ್ರೈನ್ ಪೈಪ್ ತೀರಾ ಸಪೂರ, ಅದರಲ್ಲಿ ಹರಿವನ್ನು ಅಳೆದರೆ ಒಳ್ಳೆಯ ಪಂಪೂ ಸೋತಂತೆ ಕಾಣುತ್ತದೆ. ಅಳತೆಯನ್ನು ರಿಟರ್ನ್ ಪೈಪಿನಿಂದಲೇ ತೆಗೆದುಕೊಳ್ಳಿ. ಹೋಸ್ ಮಾತ್ರ ಉದ್ದವಿದೆ, ಗೇಜನ್ನು ಮುಂದಿನ ಗಾಜಿನ ಹೊರಗೆ ವೈಪರ್‌ಗೆ ಸಿಕ್ಕಿಸಿ ಓಡಿಸಿ ನೋಡಬಹುದು. ಬಾನೆಟ್ ಸರಿಯಾಗಿ ಲಾಕ್ ಆಗಿರಲಿ, ಅದರ ಕೆಳಗೆ ಹೋಸ್ ನಜ್ಜಾಗದಿರಲಿ. ಪೆಟ್ರೋಲ್ ತುಂಬಿದ ಗೇಜನ್ನು ಕಾರಿನೊಳಗೆ ತರಲೇಬಾರದು.

ಶಟ್-ಆಫ್ ವಾಲ್ವ್ ತನ್ನ ಬೆಲೆ ತೋರಿಸುವುದು ಬೆಳಗಿನ ಸ್ಟಾರ್ಟಿಂಗ್ ಟ್ರಬಲ್‌ನಲ್ಲಿ. ಕೀಯನ್ನು ಮೂರು ಸಲ ಆನ್-ಆಫ್ ಮಾಡಿದ ಮೇಲೆ ಇಂಜಿನ್ ಒಂದೇ ಸೆಲ್ಫ್‌ಗೆ ಹತ್ತಿಕೊಂಡರೆ ರಾತ್ರಿಯೆಲ್ಲ ಒತ್ತಡ ಸೋರಿದೆ ಎಂದರ್ಥ. ವಾಲ್ವ್ ಪಂಪಿನ ಕಡೆಗೂ ಗೇಜ್ ರೈಲಿನ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಕಡೆಗೂ ಬರುವಂತೆ ಜೋಡಿಸಿ, ಒತ್ತಡ ತುಂಬಿಸಿ, ಪಂಪ್ ನಿಂತ ಕೂಡಲೇ ವಾಲ್ವ್ ಮುಚ್ಚಿ. ಈಗ ಮುಳ್ಳು ನಿಂತರೆ ಸೋರಿಕೆ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್‌ನಲ್ಲೋ ಟ್ಯಾಂಕಿನೊಳಗಿನ ಪೈಪಿನಲ್ಲೋ ಇದೆ. ಇಳಿಯುತ್ತಲೇ ಇದ್ದರೆ ರಿಟರ್ನನ್ನೂ ಕ್ಲಾಂಪ್ ಮಾಡಿ: ನಿಂತರೆ ರೆಗ್ಯುಲೇಟರ್, ಆಗಲೂ ಇಳಿದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ, ಯಾವ ಪ್ಲಗ್ ಒದ್ದೆಯಾಗಿದೆ ನೋಡಿ. ಬಿಸಿ ಇಂಜಿನ್‌ನಲ್ಲಿ ಈ ಪರೀಕ್ಷೆ ಮಾಡಿದರೆ ರೈಲಿನ ಪೆಟ್ರೋಲ್ ಕಾದು ಒತ್ತಡ ಸ್ವಲ್ಪ ಏರಬಹುದು, ಅದು ಸಣ್ಣ ಸೋರಿಕೆಯನ್ನು ಮುಚ್ಚಿಹಾಕುತ್ತದೆ.

ಬಾಳಿಕೆಯ ವಿಷಯಕ್ಕೆ ಬಂದರೆ, ಮೊದಲು ಸೋಲುವುದು ಓ-ರಿಂಗ್‌ಗಳು. ಕಿಟ್ ಜೊತೆ ಬರುವ ನೈಟ್ರೈಲ್ ರಿಂಗ್‌ಗಳು ಎಥನಾಲ್ ಬೆರೆತ ಪೆಟ್ರೋಲ್‌ಗೆ ಉಬ್ಬಿ, ಒಣಗಿದಾಗ ಗಟ್ಟಿಯಾಗುತ್ತವೆ. ಇಂಧನಕ್ಕೆಂದೇ ಮಾಡಿದ ವಿಟಾನ್ ರಿಂಗ್‌ಗಳನ್ನು ಮೊದಲ ದಿನವೇ ಹಾಕಿಕೊಳ್ಳುವುದು ಒಳ್ಳೆಯದು. ಕ್ವಿಕ್ ಕನೆಕ್ಟರಿನ ಪ್ಲಾಸ್ಟಿಕ್ ಬೀಗ ಚಳಿಯಲ್ಲಿ ಸುಲಭವಾಗಿ ಮುರಿಯುತ್ತದೆ. ಹಿತ್ತಾಳೆ ದಾರಗಳು ಮಾತ್ರ ಗಟ್ಟಿಮುಟ್ಟು. ಕೆಲಸ ಮುಗಿದ ಮೇಲೆ ಹೋಸಿನ ಪೆಟ್ರೋಲ್ ಪೂರ್ತಿ ಇಳಿಸಿ, ಬಯಲಲ್ಲಿ ಆರಿಸಿಯೇ ಪೆಟ್ಟಿಗೆ ಮುಚ್ಚಬೇಕು.

ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ರೈಲಿನಲ್ಲಿ 50ರಿಂದ 200 ಬಾರ್, ಕೆಲವದರಲ್ಲಿ ಇನ್ನೂ ಹೆಚ್ಚು, ಕಾಮನ್ ರೈಲ್ ಡೀಸೆಲ್‌ನಲ್ಲಿ 1,500 ಬಾರ್‌ಗೂ ಮೇಲೆ ಒತ್ತಡವಿರಬಹುದು. ಅಲ್ಲಿಗೆ ಈ ಗೇಜ್ ಜೋಡಿಸಿದರೆ ಪ್ರಾಣಕ್ಕೇ ಅಪಾಯ: ಸೂಜಿಮೊನೆಯಷ್ಟು ಸೋರಿಕೆಯೂ ಚರ್ಮ ಸೀಳಿ ಒಳಗೆ ಹೋಗುತ್ತದೆ. ಆ ಒತ್ತಡವನ್ನು ಸ್ಕ್ಯಾನರ್‌ನಲ್ಲೇ ಓದಬೇಕು. ಆದರೆ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಕಾರಿನಲ್ಲಿ ಪಿ0087 ಕೋಡ್ (ರೈಲಿನ ಒತ್ತಡ ತೀರಾ ಕಡಿಮೆ) ಬಂದಾಗ, ಟ್ಯಾಂಕಿನಿಂದ ಹೈ ಪ್ರೆಷರ್ ಪಂಪಿಗೆ ಬರುವ 4ರಿಂದ 6 ಬಾರ್ ಪೈಪನ್ನು ಇದೇ ಕಿಟ್‌ನಿಂದ ನೋಡಬಹುದು. ಅಲ್ಲಿ ಪೆಟ್ರೋಲ್ ಸಾಲದೆ ಬಂದರೆ ದುಬಾರಿ ಹೈ ಪ್ರೆಷರ್ ಪಂಪ್ ಬದಲಿಸಿದರೂ ಕೋಡ್ ಹೋಗುವುದಿಲ್ಲ.